ಜೀವದಯೆಗೊಂದು ವಿಳಾಸ

(ಮುಂಬಯಿಯ ಕನ್ನಡಿಗ ಜೈನ ಬಂಧುಗಳ ಕ್ಷಮಾವಣಿ ಸಮಾರಂಭದಲ್ಲಿ, 2025ರ ಸೆಪ್ಟೆಂಬರಿನಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದಶಲಕ್ಷಣ ಪರ್ವವನ್ನು ಮುಗಿಸಿ ನಾವೆಲ್ಲ ಇಲ್ಲಿ ಕ್ಷಮೆ ಕೇಳಲು ಕೂಡಿದ್ದೇವೆ. ಈಗೀಗ ಕ್ಷಮೆ ಕೇಳುವುದು ಸುಲಭವಾಗಿದೆ. ಕೈಮುಗಿದ ಚಿತ್ರವಿರುವ ಒಂದು ಸಂದೇಶವನ್ನು ವಾಟ್ಸಾಪ್‌ನಲ್ಲಿ ಮುನ್ನೂರು ಮಂದಿಗೆ ಕಳುಹಿಸಿದರೆ ಆಯಿತು. ಆ ಮುನ್ನೂರು ಮಂದಿಯೂ ಅಂಥದೇ ಚಿತ್ರವನ್ನು ಮರಳಿ ಕಳುಹಿಸುತ್ತಾರೆ. ಯಾವ ತಪ್ಪಿಗೆ ಕ್ಷಮೆ ಎಂಬುದು ಕೇಳಿದವರಿಗೂ ತಿಳಿಯದು, ಕೊಟ್ಟವರಿಗೂ ತಿಳಿಯದು. ನಾನು ಇಂದು ಕ್ಷಮೆ ಕೇಳಬೇಕಾದವರಿಗೆ ಫೋನಿಲ್ಲ. ಅವರು ಎಲ್ಲಿದ್ದಾರೆಂಬುದೂ, ಇದ್ದಾರೆಯೇ ಎಂಬುದೂ ನನಗೆ ಗೊತ್ತಿಲ್ಲ. ಅವರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಸಂಘಟಕರು ನನಗೆ ಕೊಟ್ಟ ವಿಷಯ ‘ಜೀವದಯೆ’. ಅದನ್ನು ನಮ್ಮ ಮನೆಯ ಒಂದು ಸಾವಿನಿಂದ ಆರಂಭಿಸಲು ಅನುಮತಿ ಕೊಡಿ.

ಈ ವರ್ಷದ ಜನವರಿಯಲ್ಲಿ ನಮ್ಮ ಮನೆಯ ನಾಯಿ ಮೋತಿ ತೀರಿಕೊಂಡ. ಮನೆಯಲ್ಲಿ ನಾವು ನಾಯಿಯನ್ನು ‘ಅದು’ ಎನ್ನುವುದಿಲ್ಲ, ‘ಅವನು’, ‘ಅವಳು’ ಎನ್ನುತ್ತೇವೆ; ಇಲ್ಲಿಯೂ ಹಾಗೆಯೇ ಮಾತನಾಡುತ್ತೇನೆ. ಮೋತಿ ಹನ್ನೊಂದು ವರ್ಷ ನಮ್ಮೊಡನಿದ್ದ ಲ್ಯಾಬ್ರಡಾರ್. ಮೂತ್ರಪಿಂಡಗಳು ಕೆಟ್ಟಿದ್ದವು. ಕೊನೆಯ ರಾತ್ರಿ ಎಂಬತ್ತೆರಡು ವರ್ಷದ ನನ್ನ ತಾಯಿ ನೆಲದ ಮೇಲೆ ಕುಳಿತು ಅವನ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದರು. ಅವರಿಗೆ ಜೀವಂಧರನ ಕಥೆ ಬಾಯಿಪಾಠ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಜೀವಂಧರಕುಮಾರನು ಈ ಮಂತ್ರವನ್ನು ಉಸುರಿದನು; ಅದು ಯಕ್ಷನಾಗಿ ಹುಟ್ಟಿ, ಕೃತಜ್ಞತೆಯಿಂದ ಅವನಿಗೆ ನೆರವಾಯಿತು. ಕನ್ನಡದಲ್ಲಿ ಭಾಸ್ಕರ ಕವಿಯು 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಬರೆದ ‘ಜೀವಂಧರ ಚರಿತೆ’ ನಮ್ಮ ಹಿರಿಯರ ಮನೆಗಳಲ್ಲಿ ಓದಿಸಿಕೊಂಡ ಕಾವ್ಯ. ಧರ್ಮದಿಂದ ನಾಯಿಯೂ ದೇವನಾಗಬಹುದು, ಪಾಪದಿಂದ ದೇವನೂ ನಾಯಿಯಾಗಬಹುದು ಎಂಬ ಅರ್ಥದ ಮಾತನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿರುವುದೂ ತಮಗೆ ತಿಳಿದಿದೆ. ನಮ್ಮ ಪರಂಪರೆಗೆ ನಾಯಿ ಅಪರಿಚಿತ ಜೀವವೇನಲ್ಲ.

ಮೋತಿಯ ದುಃಖ ಅಲ್ಲಿಗೆ ಮುಗಿಯಿತು. ಚಿನ್ನಿಯ ದುಃಖ ಮರುದಿನ ಆರಂಭವಾಯಿತು.

ಚಿನ್ನಿ ಎಂಟು ವರ್ಷದ ಪೊಮೆರೇನಿಯನ್. ಪರದೇಶಕ್ಕೆ ಹೊರಟ ಪರಿಚಿತರೊಬ್ಬರು ಅವಳನ್ನು ಮರಿಯಾಗಿದ್ದಾಗ ನಮ್ಮಲ್ಲಿ ಬಿಟ್ಟುಹೋಗಿದ್ದರು. ಅಂದಿನಿಂದ ಅವಳು ಮೋತಿಯ ಹೊಟ್ಟೆಗೆ ಒರಗಿಯೇ ಮಲಗಿದವಳು. ಮೋತಿ ಹೋದ ಮೇಲೆ ಅವಳು ಬಟ್ಟಲಿನ ಬಳಿ ಬಂದು ಮೂಸಿ ಹಿಂದಿರುಗುತ್ತಿದ್ದಳು. ಸಂಜೆ ಆರೂವರೆಗೆ, ಮೋತಿಯನ್ನು ತಿರುಗಾಡಿಸಲು ಒಯ್ಯುತ್ತಿದ್ದ ಹೊತ್ತಿಗೆ, ಬಾಗಿಲ ಮುಂದೆ ಕುಳಿತು ಕಾಯುತ್ತಿದ್ದಳು. ರಾತ್ರಿ ಎದ್ದು ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದಳು. ನಾಯಿಗೆ ಶೋಕವಿದೆಯೇ ಎಂದು ನಗುವವರಿದ್ದಾರೆ. ‘ಸೈಂಟಿಫಿಕ್ ರಿಪೋರ್ಟ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ 2022ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎರಡು ನಾಯಿಗಳಲ್ಲಿ ಒಂದನ್ನು ಕಳೆದುಕೊಂಡ ಇಟಲಿಯ 426 ಮಂದಿಯನ್ನು ಸಂಶೋಧಕರು ಪ್ರಶ್ನಿಸಿದ್ದರು. ಉಳಿದ ನಾಯಿಯ ನಡವಳಿಕೆ ಬದಲಾಯಿತೆಂದು ಹೇಳಿದವರು ಶೇ. 86. ಆಟ ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಅಂಜಿಕೆ ಹೆಚ್ಚಾಯಿತು ಎಂದರು. ಎಷ್ಟು ವರ್ಷ ಜೊತೆಗಿದ್ದವು ಎಂಬುದಕ್ಕಿಂತ, ಅವುಗಳ ನಡುವಿನ ಸ್ನೇಹ ಎಂಥದು ಎಂಬುದೇ ಮುಖ್ಯವಾಗಿ ಕಂಡಿತು. ಯಜಮಾನರ ದುಃಖಕ್ಕೂ ನಾಯಿಯ ಅಂಜಿಕೆಗೂ ಸಂಬಂಧವಿತ್ತು.

ನಾವು ತಕ್ಷಣ ಮಾಡಿದ ಆಲೋಚನೆ ಎಲ್ಲರೂ ಮಾಡುವಂಥದೇ: ಇನ್ನೊಂದು ನಾಯಿಯನ್ನು ತರೋಣ, ಚಿನ್ನಿ ಸರಿಹೋಗುತ್ತಾಳೆ. ಪಶುವೈದ್ಯರು ತಡೆದರು. ಮೊದಲು ಅವಳ ರಕ್ತ, ಹಲ್ಲು ಪರೀಕ್ಷಿಸೋಣ ಎಂದರು. ಊಟ ಬಿಡುವುದೆಲ್ಲ ಶೋಕವಲ್ಲ, ರೋಗವೂ ಇರಬಹುದು. ಅವಳ ಊಟದ ಹೊತ್ತು, ತಿರುಗಾಟದ ಹೊತ್ತು ಮೊದಲಿನಂತೆಯೇ ಇರಲಿ ಎಂದರು. ದಾರಿಯಲ್ಲಿ ಬೇರೆ ನಾಯಿಗಳು ಎದುರಾದಾಗ ಹತ್ತಿರ ಹೋಗಲು ಬಯಸುತ್ತಾಳೋ, ದೂರ ಸರಿಯುತ್ತಾಳೋ ಗಮನಿಸಿ ಎಂದರು. ಕೆಲವು ನಾಯಿಗಳಿಗೆ ಬೇಕಾಗಿದ್ದುದು ಆ ಒಂದು ನಾಯಿಯೇ ಹೊರತು ನಾಯಿ ಎಂಬ ಜಾತಿಯಲ್ಲ. ಕೊನೆಗೆ ಅವರು ಹೇಳಿದ ಮಾತು ಇಂದಿನ ನನ್ನ ಭಾಷಣದ ತಿರುಳು: “ಇನ್ನೊಂದು ನಾಯಿ ಬೇಕು ಎಂದು ನಿಮಗೇ ಅನ್ನಿಸಿದರೆ ತನ್ನಿ. ಇವಳಿಗೆ ಔಷಧಿ ಎಂದು ಮಾತ್ರ ತರಬೇಡಿ. ಔಷಧಿ ಕೆಲಸ ಮಾಡದಿದ್ದರೆ ಎಸೆಯುತ್ತೀರಿ. ನಾಯಿಯನ್ನು ಏನು ಮಾಡುತ್ತೀರಿ?”

ಮನೆಯಲ್ಲಿ ಚರ್ಚೆಯಾಯಿತು. ನನ್ನ ತಾಯಿ ಒಪ್ಪಲಿಲ್ಲ. “ಮುನಿಗಳಿಗೆ ಆಹಾರ ಕೊಡೂ ಮನಿ ಇದು. ಒಂದು ಹ್ವಾತು ಅಂತ ಇನ್ನೊಂದು ತರೂದೇನು?” ಎಂದರು. ಮಡಿಯ ಮಾತಾಯಿತು, ಅಡುಗೆಮನೆಯ ಮಾತಾಯಿತು. ಎಲ್ಲಕ್ಕೂ ಉತ್ತರ ಹೇಳಿದ ಮೇಲೆ ನಿಜವಾದ ಕಾರಣ ಹೊರಬಂತು: “ಇನ್ನೊಂದು ಸಾವು ನೋಡೂ ಶಕ್ತಿ ನನಗಿಲ್ಲಪ್ಪ.” ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ತಿಂಗಳು ಸುಮ್ಮನಿದ್ದೆವು. ಮಾರ್ಚಿನಲ್ಲಿ ಒಂದು ಸಂಜೆ ಚಿನ್ನಿ ರಸ್ತೆಯಲ್ಲಿ ಮುದಿ ಬೀದಿನಾಯಿಯೊಂದರ ಪಕ್ಕದಲ್ಲಿ ಹೋಗಿ ಕುಳಿತಳು, ಎಳೆದರೂ ಏಳಲಿಲ್ಲ. ಮನೆಗೆ ಬಂದು ಹೇಳಿದಾಗ ತಾಯಿಯೇ, “ಹೋಗಿ ನೋಡಿಕೊಂಡು ಬರ್ರಿ” ಎಂದರು.

ಈ ಬಾರಿ ಹಣ ಕೊಟ್ಟು ಕೊಳ್ಳುವುದಿಲ್ಲವೆಂದು ಮಗಳು ಹಟ ಹಿಡಿದಳು. ಮೋತಿಯನ್ನು ನಾನು ವ್ಯಾಪಾರಿಯೊಬ್ಬರಿಂದ ಕೊಂಡಿದ್ದೆ. ಅವನ ತಾಯಿಯನ್ನು ಯಾವ ಗೂಡಿನಲ್ಲಿ, ಎಷ್ಟು ಬಾರಿ ಹೆರಿಸಿದ್ದರೋ ಕೇಳಿರಲಿಲ್ಲ. ಊರ ಹೊರಗಿನ ಒಂದು ಆಶ್ರಯಧಾಮಕ್ಕೆ ಹೋದೆವು. ಅಲ್ಲಿ ನಮಗೆ ಮೊದಲು ಇಷ್ಟವಾದುದು ನಾಲ್ಕು ತಿಂಗಳ ಚೆಂದದ ಮರಿ. ಚಿನ್ನಿಯನ್ನು ಕರೆದೊಯ್ದು ತೋರಿಸಿದಾಗ ಮರಿ ಅವಳ ಮೈಮೇಲೆ ಹಾರಿತು. ಅವಳು ಗುರುಗುಟ್ಟಿ ನನ್ನ ಕಾಲ ಹಿಂದೆ ಅಡಗಿದಳು. ಆಶ್ರಯಧಾಮದ ಹುಡುಗಿ ನಕ್ಕು, “ಅಂಕಲ್, ಇದು ನಿಮ್ಮ ಕಣ್ಣಿಗೆ ಒಪ್ಪಿದ ನಾಯಿ, ಅವಳಿಗಲ್ಲ” ಎಂದಳು. ವಯಸ್ಸಾದ ನಾಯಿಗೆ ಮರಿಯನ್ನು ಜೊತೆ ಮಾಡುವುದು ಅಜ್ಜಿಯ ಕೋಣೆಯಲ್ಲಿ ಶಾಲೆ ತೆರೆದಂತೆ. ವಯಸ್ಸು, ಚಟುವಟಿಕೆ, ಸ್ವಭಾವ ಹೊಂದಬೇಕು. ಒಂದು ಹೆಣ್ಣು ಒಂದು ಗಂಡು, ಎರಡಕ್ಕೂ ಸಂತಾನಹರಣ ಚಿಕಿತ್ಸೆಯಾಗಿದ್ದರೆ ಜಗಳ ಸಾಮಾನ್ಯವಾಗಿ ಕಡಿಮೆ ಎಂದು ಅವಳಿಂದ ತಿಳಿದೆವು.

ಎರಡನೆಯ ಬಾರಿ ತೋರಿಸಿದವನು ಮೂರು ಕಾಲಿನವನು. ಐದಾರು ವರ್ಷದ ಕಂದುಬಣ್ಣದ ಬೀದಿನಾಯಿ. ವಾಹನದಡಿ ಸಿಕ್ಕು ಒಂದು ಹಿಂಗಾಲನ್ನು ಕತ್ತರಿಸಬೇಕಾಗಿತ್ತು. ಎಡಗಿವಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು ಇತ್ತು. ಅಪಘಾತದ ಗಾಯವೇ ಎಂದು ಕೇಳಿದೆ. “ಅಲ್ಲ, ಅದು ಗುರುತು. ಇವನನ್ನು ಯಾರೋ ಹಿಡಿದು, ಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಮತ್ತೆ ಇವನ ಬೀದಿಗೇ ಬಿಟ್ಟಿದ್ದರು ಎಂದು ಅರ್ಥ. ಇವನಿಗೂ ಒಂದು ವಿಳಾಸವಿತ್ತು” ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಏಕೆಂಬುದನ್ನು ಆಮೇಲೆ ಹೇಳುತ್ತೇನೆ.

ಪರಿಚಯಿಸುವ ಕ್ರಮವನ್ನೂ ಅವರೇ ಕಲಿಸಿದರು. ಈ ದಾರಿ ಹಿಡಿಯುವವರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಎರಡೂ ನಾಯಿಗಳನ್ನು ಮನೆಯೊಳಗೆ ಎದುರುಬದುರು ನಿಲ್ಲಿಸಬಾರದು. ಇಬ್ಬರಿಗೂ ಹೊಸದಾದ ರಸ್ತೆಯಲ್ಲಿ, ಇಬ್ಬರು ಬೇರೆಬೇರೆಯಾಗಿ ಹಿಡಿದು, ದೂರ ಬಿಟ್ಟು ಒಂದೇ ದಿಕ್ಕಿಗೆ ನಡೆಸಬೇಕು. ಹಗ್ಗ ಬಿಗಿಯಾಗಿರಬಾರದು, ನಮ್ಮ ಕೈಯ ಅಂಜಿಕೆ ಹಗ್ಗದ ಮೂಲಕ ನಾಯಿಗೆ ಇಳಿಯುತ್ತದೆ. ನಿಧಾನವಾಗಿ ದೂರವನ್ನು ಕಡಿಮೆ ಮಾಡಬೇಕು. ಹೊಸ ನಾಯಿಗೆ ಪಾರ್ವೊ, ಡಿಸ್ಟೆಂಪರ್, ರೇಬಿಸ್ ಲಸಿಕೆಗಳಾಗಿರಬೇಕು. ಉಣ್ಣಿಯಿಂದ ಬರುವ ಜ್ವರದ ರಕ್ತಪರೀಕ್ಷೆ ಆಗಿರಬೇಕು. ಮನೆಯಲ್ಲಿ ಬಟ್ಟಲು ಬೇರೆ, ಹಾಸಿಗೆ ಬೇರೆ, ಉಣ್ಣುವ ಮೂಲೆ ಬೇರೆ. ಹೋದವನ ಹಾಸಿಗೆಯನ್ನು ಬಂದವನಿಗೆ ಕೊಡಬಾರದು. ಮೂರು ದಿನ ಬೆದರಿಕೆ, ಮೂರು ವಾರ ರೂಢಿ, ಮೂರು ತಿಂಗಳು ನಂಬಿಕೆ ಎಂಬ ಸ್ಥೂಲ ಲೆಕ್ಕ ಅವರಲ್ಲಿದೆ.

ಮೊದಲು ಹದಿನೈದು ದಿನ ಇಟ್ಟುಕೊಂಡು ನೋಡಿ, ರಕ್ತ ಬರುವಂತೆ ಕಚ್ಚಾಡಿದರೆ ಮರಳಿ ತನ್ನಿ ಎಂದರು. ಅದು ವಿವೇಕದ ಮಾತು. ಆದರೆ ಕಾರಿನಲ್ಲಿ ಮಗಳು ಕೇಳಿದಳು: “ಅಪ್ಪಾಜಿ, ಕಚ್ಚಾಡಲೂ ಇಲ್ಲ, ಸೇರಲೂ ಇಲ್ಲ ಅಂದರೆ? ಚಿನ್ನಿ ಹೀಗೇ ಇದ್ದರೆ ಇವನನ್ನು ಏನು ಮಾಡುತ್ತೀರಿ?” ನಾನು ಉತ್ತರಿಸಲು ತುಸು ಹೊತ್ತು ಹಿಡಿಯಿತು. ಅವನು ಚಿನ್ನಿಗಾಗಿ ತಂದ ವಸ್ತುವಾದರೆ ಹಿಂದಿರುಗಿಸಬೇಕು. ಅವನೂ ಒಂದು ಜೀವವಾದರೆ, ಅವನ ಹೊಣೆ ಚಿನ್ನಿಯ ಸಂತೋಷದ ಮೇಲೆ ನಿಂತಿರಲಾರದು. “ಇರುತ್ತಾನೆ” ಎಂದೆ. ಅಂದು ಸೋಮವಾರ; ಅವನಿಗೆ ಸೋಮ ಎಂದು ಹೆಸರಿಟ್ಟೆವು.

ಪವಾಡವೇನೂ ನಡೆಯಲಿಲ್ಲ. ಹಲವು ದಿನ ಇಬ್ಬರೂ ಬೇರೆಬೇರೆ ಮೂಲೆಗಳಲ್ಲಿ, ಒಬ್ಬರ ಕಡೆ ಒಬ್ಬರು ನೋಡದೆ ಮಲಗಿದರು. ಮಳೆಗಾಲದ ಮೊದಲ ಗುಡುಗಿನ ರಾತ್ರಿ ಸೋಮ ಸ್ನಾನದ ಕೋಣೆಯಲ್ಲಿ ಅಡಗಿ ನಡುಗುತ್ತಿದ್ದ. ಬೆಳಗ್ಗೆ ನೋಡಿದರೆ ಚಿನ್ನಿ ಆ ಕೋಣೆಯ ಹೊಸ್ತಿಲಲ್ಲಿ ಮಲಗಿದ್ದಳು. ಚಿನ್ನಿಗೆ ಆಸರೆಯಾಗಲೆಂದು ಅವನನ್ನು ತಂದೆವು. ಆಸರೆ ಕೊಟ್ಟವಳು ಅವಳು. ಇಂದಿಗೂ ಸಂಜೆ ಆರೂವರೆಗೆ ಅವಳು ಬಾಗಿಲ ಮುಂದೆ ಕೂರುತ್ತಾಳೆ. ಮೋತಿಯ ಜಾಗ ತುಂಬಿಲ್ಲ, ತುಂಬಬೇಕಾಗಿಯೂ ಇಲ್ಲ. ಆದರೆ ಅವಳು ಉಣ್ಣುತ್ತಾಳೆ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಜೀವಗಳು ಪರಸ್ಪರ ಉಪಕಾರಿಗಳೆಂದು ಹೇಳುವ ಸೂತ್ರವನ್ನು ನಮ್ಮ ಲಾಂಛನದ ಕೆಳಗೆ ಮುದ್ರಿಸುತ್ತೇವೆ. ಅದರ ಅರ್ಥ ನನಗೆ ಆ ಹೊಸ್ತಿಲಲ್ಲಿ ಕಂಡಿತು.

ಇನ್ನು ಧರ್ಮದ ಆಕ್ಷೇಪಗಳು. ಶ್ರಾವಕನು ನಾಯಿ ಸಾಕುವುದು ‘ಅಸತೀಪೋಷಣ’ವಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಹಿಂಸಕ ಪ್ರಾಣಿಗಳ ಪೋಷಣೆಯನ್ನು ಹದಿನೈದು ಕರ್ಮಾದಾನಗಳಲ್ಲಿ ಎಣಿಸಿರುವುದು ನಿಜ. ಆದರೆ ಅವು ಶ್ರಾವಕನು ಬಿಡಬೇಕಾದ ವ್ಯಾಪಾರಗಳ ಪಟ್ಟಿ. ಲಾಭಕ್ಕಾಗಿ ನಾಯಿ ಸಾಕುವವನಿಗೆ ಆ ನಿಷೇಧ ನೇರವಾಗಿ ತಾಗುತ್ತದೆ. ಹಾಗಾದರೆ ಹಣ ಕೊಟ್ಟು ಮೋತಿಯನ್ನು ಕೊಂಡ ನಾನು ಆ ವ್ಯಾಪಾರದ ಪಾಲುದಾರ. ಕಾಲು ಕಳೆದುಕೊಂಡ ಜೀವಕ್ಕೆ ನೆಲೆ ಕೊಡುವುದನ್ನು ಆ ಪಟ್ಟಿಗೆ ಸೇರಿಸುವುದು ನನಗೆ ಸರಿಯೆನಿಸುವುದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೆನೆಯಿರಿ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕೊಯ್ಯುವುದು, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು. ಪ್ರಾಣಿಗಳು ನಮ್ಮ ಆಸರೆಯಲ್ಲಿ ಇರುತ್ತವೆಂದು ಆಚಾರ್ಯರಿಗೆ ತಿಳಿದಿತ್ತು. ಆದ್ದರಿಂದಲೇ ಇಟ್ಟುಕೊಳ್ಳುವ ರೀತಿಯನ್ನು ಹೇಳಿದರು. ದಿನವಿಡೀ ಬಾಲ್ಕನಿಯಲ್ಲಿ ಸರಪಳಿ ಹಾಕಿ ಬಿಡುವವರು ಮೊದಲ ಅತಿಚಾರವನ್ನು ಓದಿಕೊಳ್ಳಲಿ.

ತೊಡಕುಗಳಿಲ್ಲವೆಂದು ನಾನು ಹೇಳುವುದಿಲ್ಲ. ಉಣ್ಣಿಗೆ ಔಷಧಿ ಹಾಕಿದರೆ ಉಣ್ಣಿ ಸಾಯುತ್ತದೆ; ಅದೂ ಜೀವವೇ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗ ಕಡ್ಡಾಯ. ಆರಂಭೀ ಹಿಂಸೆಯನ್ನು ಅವನು ಎಚ್ಚರದಿಂದ ಕಡಿಮೆ ಮಾಡಬೇಕು, ಉಳಿದುದನ್ನು ಒಪ್ಪಿಕೊಂಡು ಪ್ರತಿಕ್ರಮಣ ಮಾಡಬೇಕು. ನನ್ನ ಕೈ ಶುದ್ಧವಾಗಿರಲೆಂದು ನಾಯಿ ಜ್ವರದಿಂದ ಸಾಯಲಿ ಎನ್ನುವುದು ಅಹಿಂಸೆಯಲ್ಲ. ಸಾಯುವ ನಾಯಿಯ ಕಿವಿಯಲ್ಲಿ ಮಂತ್ರ ಹೇಳುವುದು ಪುಣ್ಯ. ಬದುಕಿರುವ ನಾಯಿಯ ಕಿವಿಯಿಂದ ಉಣ್ಣಿ ತೆಗೆಯುವುದು ದಿನನಿತ್ಯದ ಕೆಲಸ. ನಮಗೆ ಮೊದಲನೆಯದು ರೂಢಿಯಾಗಿದೆ. ಊಟದ ವಿಷಯ: ಪಶುವೈದ್ಯರ ಸಲಹೆಯಂತೆ ಪೌಷ್ಟಿಕಾಂಶಗಳನ್ನು ಸರಿದೂಗಿಸಿದರೆ ನಾಯಿ ಸಸ್ಯಾಹಾರದಲ್ಲಿ ಬದುಕಬಲ್ಲದು, ಬೆಕ್ಕು ಬದುಕಲಾರದು. ಹಾಲುಅನ್ನವೊಂದೇ ಸಾಲದು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಈ ಒಂದು ವಿಷಯದಲ್ಲಿ ನಮ್ಮ ಅಡುಗೆಮನೆ ಅದಕ್ಕೆ ಸುರಕ್ಷಿತ. ದ್ರಾಕ್ಷಿಯೂ ವಿಷವೇ, ಪ್ರಸಾದದ ಒಣದ್ರಾಕ್ಷಿಯ ಬಗ್ಗೆ ಎಚ್ಚರವಿರಲಿ.

ಈಗ ಸಮಾಜದ ಮಾತು. ಸೋಮ ಬಂದ ವಾರದಲ್ಲಿಯೇ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಂದು ಸೂಚನೆ ಬಂತು: ನಾಯಿಗಳಿಗೆ ಲಿಫ್ಟ್ ನಿಷಿದ್ಧ. ನಾವಿರುವುದು ನಾಲ್ಕನೆಯ ಮಹಡಿ; ಅವನಿಗಿರುವುದು ಮೂರು ಕಾಲು. ಸೂಚನೆಗೆ ಸಹಿ ಹಾಕಿದವರಲ್ಲಿ ಹೆಚ್ಚಿನವರು ನಮ್ಮ ಸಮಾಜದವರೇ, ಪಾರಿವಾಳದ ಕಾಳಿಗೆ ಪ್ರತಿವರ್ಷ ಉದಾರವಾಗಿ ಕೊಡುವವರೇ. ಬಹುಮತದ ನಿರ್ಣಯದಿಂದಲೂ ಸೊಸೈಟಿಗಳು ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಲಿಫ್ಟಿನ ಮಾತೂ ಅದರಲ್ಲಿದೆ. ಅದರ ಪ್ರತಿಯನ್ನು ಕೊಟ್ಟೆವು. ಯಾರೂ ಮಾತನಾಡಲಿಲ್ಲ. ಒಂದು ಬೆಳಗ್ಗೆ ಸೂಚನೆ ಇರಲಿಲ್ಲ. ಪಿನ್ನುಗಳ ನಾಲ್ಕು ತೂತುಗಳಿದ್ದವು.

ಕಳೆದ ತಿಂಗಳು ದಾದರಿನ ಕಬೂತರ್‌ಖಾನೆ ಮುಚ್ಚಿದಾಗ ನಮ್ಮವರು ಬೀದಿಗಿಳಿದರು. ಹೊದಿಸಿದ ತಾಡಪತ್ರಿಯನ್ನು ಕಿತ್ತರು. ಅದೇ ಆಗಸ್ಟ್ 11ರಂದು ದಿಲ್ಲಿ ವಲಯದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಲ್ಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆದೇಶಿಸಿತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ತಿದ್ದಿತು: ರೇಬಿಸ್ ತಗುಲಿದ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಗಳ ನಂತರ ಹಿಡಿದ ಜಾಗಕ್ಕೇ ಬಿಡಬೇಕು, ಆಹಾರ ಹಾಕಲು ಗೊತ್ತಾದ ಜಾಗಗಳಿರಬೇಕು, ಇಚ್ಛೆಯುಳ್ಳವರು ದತ್ತು ಪಡೆಯಬಹುದು. ಈ ಚರ್ಚೆಯಲ್ಲಿ ಕಚ್ಚಿಸಿಕೊಂಡ ಮಕ್ಕಳ ನೋವನ್ನು ಮರೆಯುವವನು ಜೀವದಯೆಯ ಹೆಸರೆತ್ತಬಾರದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಲಸಿಕೆಗೂ ಚಿಕಿತ್ಸೆಗೂ ಹಣ ಬೇಕು, ಕೈಗಳು ಬೇಕು. ನಮ್ಮ ಜೀವದಯಾ ನಿಧಿಗಳು ಅಲ್ಲಿಗೆ ಎಷ್ಟು ತಲುಪುತ್ತವೆ? ಲೆಕ್ಕ ಕೇಳೋಣ.

ಈ ನಗರದ ಇತಿಹಾಸವೂ ನಮಗೆ ಪಾಠ ಹೇಳುತ್ತದೆ. 1832ರಲ್ಲಿ ಬ್ರಿಟಿಷ್ ಆಡಳಿತ ಬೀದಿನಾಯಿಗಳನ್ನು ಕೊಲ್ಲಿಸಿದಾಗ ಪಾರ್ಸಿಗಳು ಮುಂದಾದರು, ಹಿಂದೂ ಮತ್ತು ಜೈನ ವ್ಯಾಪಾರಿಗಳೂ ಜೊತೆಗೂಡಿದರು, ಪೇಟೆ ಮುಚ್ಚಿತು. ಗಲಭೆ ಅಡಗಿದ ಮೇಲೆ, 1834ರಲ್ಲಿ, ಸರ್ ಜಮ್‌ಶೇಟ್‌ಜೀ ಜೀಜೀಭಾಯ್ ಮತ್ತು ಅಮೀಚಂದ್ ಶಾ ಮುಂಬಯಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಪ್ರತಿಭಟನೆಯ ಮರುದಿನ ಕಟ್ಟಡ ಕಟ್ಟಿದವರು ಅವರು. 1926ರಲ್ಲಿ ಅಹಮದಾಬಾದಿನಲ್ಲಿ ಜೈನ ಗಿರಣಿ ಮಾಲೀಕರಾದ ಅಂಬಾಲಾಲ್ ಸಾರಾಭಾಯ್ ತಮ್ಮ ಗಿರಣಿಯ ಸುಮಾರು ಅರುವತ್ತು ನಾಯಿಗಳನ್ನು ಕೊಲ್ಲಿಸಿದಾಗ ಗಾಂಧೀಜಿ ಅದನ್ನು ಸಮರ್ಥಿಸಿ ‘ಯಂಗ್ ಇಂಡಿಯಾ’ದಲ್ಲಿ ಬರೆದರು, ನಮ್ಮ ಸಮಾಜ ಸಿಟ್ಟಾಯಿತು. ಅವರ ತೀರ್ಪನ್ನು ನಾನು ಒಪ್ಪಲಾರೆ. ಅವರ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೂ ಆರೆ. ಒಡೆಯನಿಲ್ಲದ ನಾಯಿಗೆ ರೊಟ್ಟಿಯ ತುಣುಕು ಎಸೆದು ಮುಂದೆ ಹೋಗುವುದು ದಯೆಯಲ್ಲ; ದಯೆಯಿದ್ದರೆ ಸಾಕಿರಿ, ಇಲ್ಲವೇ ಸಾಕುವ ಸಂಸ್ಥೆಯನ್ನು ಕಟ್ಟಿರಿ ಎಂಬುದು ಅವರ ವಾದದ ಸಾರ. ಅಂದು ಕೊಲ್ಲುವುದೊಂದೇ ದಾರಿಯೆಂದು ತೋರಿರಬಹುದು. ಇಂದು ಲಸಿಕೆಯಿದೆ, ಚಿಕಿತ್ಸೆಯಿದೆ, 2023ರ ನಿಯಮಗಳಿವೆ. ಉಳಿದಿರುವುದು ಹೊಣೆ ಹೊರುವ ಪ್ರಶ್ನೆ ಮಾತ್ರ.

ಎಲ್ಲರೂ ನಾಯಿ ಸಾಕಿ ಎಂದು ನಾನು ಕೇಳುತ್ತಿಲ್ಲ. ಸಾಕಲಾರದವರು ಸಾಕದಿರುವುದೂ ದಯೆಯೇ. ಒಂದು ಕಟ್ಟಡಕ್ಕೆ ಸೇರಿದ ನಾಯಿಗಳಿಗೆ ಆ ಕಟ್ಟಡದವರು ಸೇರಿ ಲಸಿಕೆ, ಚಿಕಿತ್ಸೆ ಮಾಡಿಸಲಿ. ಪರ್ವದ ಸವಾಲುಗಳಲ್ಲಿ ಒಂದನ್ನು ಇದಕ್ಕೆ ಮೀಸಲಿಡಲಿ. ನಾಯಿ ಬೇಕೆನ್ನುವ ಮಕ್ಕಳನ್ನು ಅಂಗಡಿಗಲ್ಲ, ಆಶ್ರಯಧಾಮಕ್ಕೆ ಕರೆದೊಯ್ಯಿರಿ. ತರುವ ಮೊದಲು, “ಇದರಿಂದ ನನಗೆ ಪ್ರಯೋಜನವಾಗದಿದ್ದರೂ ಇಟ್ಟುಕೊಳ್ಳುತ್ತೇನೆಯೇ?” ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ.

ಕೊನೆಯದಾಗಿ ನನ್ನ ಕ್ಷಮಾಯಾಚನೆ. 2019ರಲ್ಲಿ ನಮ್ಮ ಕಟ್ಟಡದ ಅಂಗಳದಲ್ಲಿ ಮೂರು ನಾಯಿಗಳಿದ್ದವು. ಒಂದು ನಾಯಿ ಮಗುವೊಂದರ ಮೇಲೆ ಬೊಗಳಿತೆಂದು ಅವನ್ನು ತೆರವು ಮಾಡಿಸಲು ಒಂದು ಪತ್ರ ಸಿದ್ಧವಾಯಿತು. ಭಾಷೆ ನನ್ನದು, ಮೊದಲ ಸಹಿಯೂ ನನ್ನದು. ಒಂದು ಮಧ್ಯಾಹ್ನ ವಾಹನ ಬಂದು ಅವನ್ನು ಒಯ್ದಿತು. ಚಿಕಿತ್ಸೆ ಮಾಡಿಸಿ ಅದೇ ಜಾಗಕ್ಕೆ ಬಿಡಬೇಕೆಂದು ಆಗಿನ ನಿಯಮವೂ ಹೇಳುತ್ತಿತ್ತು. ಅವು ಹಿಂದಿರುಗಲಿಲ್ಲ, ಎಲ್ಲಿ ಹೋದವೆಂದು ನಾನು ಕೇಳಲೂ ಇಲ್ಲ. ಅಂದು ಸಂಜೆ ಮೋತಿಯನ್ನು ತಿರುಗಾಡಿಸಲು ಒಯ್ದಾಗ ಅವನು ಅಂಗಳದ ಮೂಲೆಯಲ್ಲಿ ಬಹಳ ಹೊತ್ತು ಮೂಸುತ್ತ ನಿಂತಿದ್ದ. ನಾನು ಹಗ್ಗ ಎಳೆದುಕೊಂಡು ನಡೆದೆ. ಅಲ್ಲಿದ್ದವು ಮೂರು, ಅವುಗಳಿಗೂ ಒಂದಕ್ಕೊಂದು ಜೊತೆಯಿತ್ತು. ಅವುಗಳ ವಿಳಾಸವನ್ನು ಅಳಿಸಿದವನು ನಾನು.

ಸೋಮನನ್ನು ಸಾಕುವುದರಿಂದ ಆ ಸಾಲ ತೀರದು. ಲೆಕ್ಕ ಬೇರೆ, ಜೀವ ಬೇರೆ. ಆ ಮೂವರಲ್ಲಿ, ತಮ್ಮೆಲ್ಲರ ಸಮ್ಮುಖದಲ್ಲಿ, ಕೈಮುಗಿದು ಕ್ಷಮೆ ಕೇಳುತ್ತೇನೆ. ನನ್ನ ಮಾತಿನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಅವರಲ್ಲಿಯೂ ಕೇಳುತ್ತೇನೆ.

ಜಯ ಜಿನೇಂದ್ರ.